ನವಿಲಿನ ಅಗುಳಿ

“ಗುರುಗಳೇ, ಎಲ್ಲರೂ ಒಂದೇ ಕಟ್ಟಳೆಗೆ ಕಟ್ಟುಬಿದ್ದರೆ ಕಲೆ ಉಳಿಯುವುದೆಲ್ಲಿ?” ಎಂದು ಶಿಷ್ಯೆ ಸಿಂಚನಾ ಕೇಳಿದಳು. ಅವಳು ಮೊಬೈಲ್ ಪರದೆಗಳನ್ನು ವಿನ್ಯಾಸ ಮಾಡುವವಳು. ಆಂಬುಲೆನ್ಸ್ ಕರೆಯುವ ಗುಂಡಿ ಎಲ್ಲಿರಬೇಕು, ಯಾವ ಬಣ್ಣದ್ದಾಗಿರಬೇಕು ಎಂದು, ಎಲ್ಲ ಪರದೆಗಳಿಗೂ ಒಂದೇ ನಿಯಮ ಹಾಕುವ ಶೈಲಿಯ ಕೈಪಿಡಿ ಮೊದಲೇ ಹೇಳಿಬಿಟ್ಟಿತ್ತು. ಅವಳು ಆಸೆಪಟ್ಟು ರೂಪಿಸಿದ್ದ ಹೊಸ ಗುಂಡಿಯನ್ನು ಕಚೇರಿಯವರು ಆ ಕೈಪಿಡಿಯನ್ನೇ ತೋರಿಸಿ ತಳ್ಳಿಹಾಕಿದ್ದರು. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಗುರುಗಳು ಕತೆ ಹೇಳಿದರು.

ಯಾತ್ರಿಕರು ನಡೆಯುವ ಒಂದು ದಾರಿಯಲ್ಲಿ ಊರಿಗೊಂದು ಛತ್ರವಿತ್ತು. ಆ ದಾರಿಯ ಬಡಗಿಗಳಿಗೆ ಒಂದು ಕಟ್ಟಳೆಯಿತ್ತು. ಕೋಣೆಯ ಒಳಗಿನ ಅಗುಳಿ ಬಲಗಡೆ, ಎದೆಯ ಮಟ್ಟದಲ್ಲಿರಬೇಕು. ಎಡಕ್ಕೆ ಸರಿಸಿದರೆ ಬಾಗಿಲು ತೆರೆಯಬೇಕು. ಹೊಸ ಛತ್ರದ ಕೆಲಸ ಹಿಡಿದ ಒಬ್ಬ ಬಡಗಿಗೆ ಇದನ್ನು ಕೇಳಿ ಮೈಯೆಲ್ಲ ಉರಿಯಿತು. ಕೈಯಲ್ಲಿ ವಿದ್ಯೆಯಿಲ್ಲದವರು ಮಾಡಿಕೊಂಡ ನಿಯಮಕ್ಕೆ ತಾನೇಕೆ ತಲೆಬಾಗಬೇಕು ಎಂದುಕೊಂಡ. ಬಾಗಿಲಿನ ಒಳಮೈಗೆ ನವಿಲು ಕೆತ್ತಿ, ಅದರ ಕತ್ತು ತಿರುಗಿಸಿದರೆ ಮಾತ್ರ ತೆರೆಯುವಂತೆ ಮಾಡಿದ. ಪಕ್ಕದ ಕೋಣೆಗೆ ತಾವರೆ, ಅದರಾಚೆಯದಕ್ಕೆ ಮೀನು. ನೋಡಿದವರೆಲ್ಲ ಹೊಗಳಿದರು. ಬಡಗಿ ಜಗಲಿಯಲ್ಲೇ ಕೂತು, ಬಂದವರಿಗೆಲ್ಲ ತೆರೆಯುವ ಬಗೆಯನ್ನು ತಾನೇ ತೋರಿಸಿಕೊಡುತ್ತಿದ್ದ.

ಒಂದು ಮಧ್ಯಾಹ್ನ ಅಡುಗೆಮನೆಯ ಸೂರಿಗೆ ಬೆಂಕಿ ಹತ್ತಿ, ಹೊಗೆ ಕೋಣೆಗಳಿಗೆ ನುಗ್ಗಿತು. ನವಿಲಿನ ಕೋಣೆಯಲ್ಲಿ ಒಬ್ಬ ಮುದುಕಿ ಮಲಗಿದ್ದಳು. ಬಡಗಿ ಓಡಿಬಂದು, ನವಿಲಿನ ಕತ್ತು ತಿರುಗಿಸು ಎಂದು ಹೊರಗಿನಿಂದ ಕೂಗಿದ. ಒಳಗೆ ಅವಳ ಕೈ, ಅಗುಳಿ ಇರಬೇಕಾಗಿದ್ದ ಜಾಗದಲ್ಲಿ, ಹಲಗೆಯನ್ನು ಪರಪರ ಕೆರೆಯುವುದು ಕೇಳಿಸಿತು. ಅಲ್ಲಿ ಏನೂ ಇರಲಿಲ್ಲ. ಕೆರೆತ ನಿಧಾನವಾಯಿತು. ಬಡಗಿ ಕೊಡಲಿ ತಂದು ತನ್ನ ನವಿಲನ್ನೇ ಕಡಿದು ಅವಳನ್ನು ಹೊರಗೆಳೆದ.

ಅವಳಿಗೆ ಉಸಿರು ತಿರುಗಿದ ಮೇಲೆ, ಬಂದಾಗಲೇ ತೋರಿಸಿದ್ದೆನಲ್ಲಮ್ಮ ಎಂದ. ಅಷ್ಟಾದರೂ ಅವನಿಗೆ ಅದೇ ಮಾತು!

“ತೋರಿಸಿದ್ದೆ, ಯಾರು ಇಲ್ಲ ಅಂದ್ರು?” ಎಂದಳು ಮುದುಕಿ. “ಹೊಗೇಲಿ ನಿನ್ನ ನವಿಲು ಎಲ್ಲಿ ಕಾಣ್ಬೇಕಪ್ಪ? ದಾರೀಲಿ ಎಲ್ಲಾ ಕಡೆ ಇರೋ ಜಾಗಕ್ಕೇ ಕೈ ಹೋಯ್ತು. ಬಾಗ್ಲು ಮಾಡು ಅಂದ್ರೆ ಒಗಟು ಮಾಡಿಟ್ಟಿದೀಯ. ನನ್ನ ಜೀವ ಏನು ನಿನ್ನ ಆಟದ ಸಾಮಾನಾ?”

ಸಿಂಚನಾಳಿಗೆ ಸಮಾಧಾನವಾಗಲಿಲ್ಲ. ಒಬ್ಬ ಮುದುಕಿಗಾಗಿ ಅಂಥ ಕಲೆಗಾರನ ಕೈ ಕಟ್ಟಿಹಾಕುವುದು ಯಾವ ನ್ಯಾಯ, ಆಮೇಲೆ ಅವನು ಕೆತ್ತುವುದನ್ನೇ ಬಿಟ್ಟನೇ ಎಂದು ಬಿರುಸಾಗಿಯೇ ಕೇಳಿದಳು.

“ಹೊಸ ಬಾಗಿಲಿಗೂ ನವಿಲು ಕೆತ್ತಿದ,” ಎಂದರು ಗುರುಗಳು, “ಅಗುಳಿಯನ್ನು ಮಾತ್ರ ಆ ಮುದುಕಿಯ ಉಗುರು ಕೆರೆದಿದ್ದ ಜಾಗದಲ್ಲಿಟ್ಟ.”