ಸಂಚಿಯ ಹಾಜರಿ

ಪರದೇಶ ನೋಡಲು ಹೋದ ಚೆಲುವಮ್ಮನ ಸೊಂಟಕ್ಕೆ, ಸೆರಗಿನ ಮರೆಯಲ್ಲಿ, ಒಂದು ಬಟ್ಟೆ ಸಂಚಿ ಕಟ್ಟಿತ್ತು. ಪಾಸ್‌ಪೋರ್ಟು, ಡಾಲರು ಎಲ್ಲ ಅದರ ಹೊಟ್ಟೆಯಲ್ಲಿದ್ದವು. ವಿಮಾನ ಇಳಿದಾಗಿನಿಂದ ಚೆಲುವಮ್ಮನ ಬಲಗೈ, ಬಳೆಯ ಸದ್ದು ಮಾಡುತ್ತ, ಹೆಜ್ಜೆಗೊಂದು ಸಲ ಅದನ್ನು ತಡವಿ, "ಇದ್ದೀಯಾ?" ಎಂದು ಕೇಳುತ್ತಿತ್ತು.

"ಇದ್ದೇನೆ," ಎನ್ನುತ್ತಿತ್ತು ಸಂಚಿ.

'ಜೇಬುಗಳ್ಳರಿದ್ದಾರೆ, ಎಚ್ಚರಿಕೆ' ಎಂಬ ಫಲಕ ಕಂಡಲ್ಲೆಲ್ಲ ಕೈ ಎರಡೆರಡು ಸಲ ಕೇಳಿತು. ಮೂರನೆಯ ದಿನಕ್ಕೆ ಸಂಚಿ ಸೋತು ಸುಣ್ಣವಾಯಿತು.

"ದಮ್ಮಯ್ಯ, ಸುಮ್ಮನಿರು. ನಾನೆಲ್ಲಿದ್ದೇನೆಂದು ಊರಿಗೆಲ್ಲ ಡಂಗುರ ಸಾರುತ್ತಿದ್ದೀಯೆ," ಎಂದಿತು.

"ಕಾವಲು ನನ್ನದು. ನಾನು ಕೇಳುತ್ತೇನೆ, ನೀನು ಉತ್ತರ ಕೊಡು. ಅಷ್ಟೇ!" ಎಂದು ಕೈ ಗದರಿತು.

ಅಂದು ರೈಲು ನಿಲ್ದಾಣದ ನೂಕುನುಗ್ಗಲಿನಲ್ಲಿ ಬೆರಳುಗಳು ಬಂದು ತಡವಿದವು. ಈ ಸಲ ತಣ್ಣಗಿದ್ದವು, ಬಳೆಯ ಸದ್ದೂ ಇರಲಿಲ್ಲ. ಯಾರೆಂದು ಕಣ್ಣು ಬಿಟ್ಟು ನೋಡುವ ತ್ರಾಣ ಸಂಚಿಗೆ ಉಳಿದಿರಲಿಲ್ಲ.

"ಇದ್ದೇನೆ ಮಾರಾಯ, ಇಲ್ಲೇ ಇದ್ದೇನೆ," ಎಂದಿತು.

ಮುಂದಿನ ಫಲಕ ಕಂಡಾಗ ಬಲಗೈ ಬಂದು, "ಇದ್ದೀಯಾ?" ಎಂದು ಕೇಳಿತು. ಸೆರಗಿನ ಕೆಳಗೆ ಚೆಲುವಮ್ಮನ ಸೊಂಟವಷ್ಟೇ ಇತ್ತು.