ಮಠದ ಕಂಪ್ಯೂಟರಿನ ಉಪವಾಸ

ಕೇಳಿ ಮಕ್ಕಳೇ, ಎಲ್ಲ ಜೀವಿಗಳ ದಾಹ ಬಲ್ಲ ಭಗವಂತನನ್ನು ನೆನೆದು ಹೇಳುತ್ತೇನೆ. ಒಂದು ಕಾಡುರಾಜ್ಯ. ಅಲ್ಲಿ ಆನೆ ರಾಜ, ನರಿ ಮಂತ್ರಿ.

ಬೇಸಿಗೆ ಬಂದರೆ ಹಿಂಡೆಲ್ಲ ದೂರದ ಮಡುವಿಗೆ ಹೋಗಬೇಕು. ಅದರ ದಾರಿಯ ನಕ್ಷೆ ರಾಜನ ಕಂಪ್ಯೂಟರಿನಲ್ಲಿತ್ತು. ಅಲ್ಲಿ ಬರೆದದ್ದು ತಾನಾಗಿ ಮುಗಿಲಿನ ಉಗ್ರಾಣಕ್ಕೆ, ಅಂದರೆ ಕ್ಲೌಡಿಗೆ, ಏರುತ್ತಿತ್ತು. ಮುಗಿಲಿನಿಂದ ರಾಣಿಯ ಕಂಪ್ಯೂಟರಿಗೂ ಮಠದ ಕಂಪ್ಯೂಟರಿಗೂ ಇಳಿಯುತ್ತಿತ್ತು. "ಮೇಲೊಂದು ಪ್ರತಿ ಇದೆಯಲ್ಲ, ಇನ್ನೇನು ಚಿಂತೆ?" ಎಂದು ಯಾರೂ ದಾರಿ ಕಲಿಯಲಿಲ್ಲ. ನರಿಯೊಂದೇ ಗುಟ್ಟಾಗಿ ಬಾಯಿಪಾಠ ಮಾಡಿತು.

ಕೆರೆ ಬತ್ತಿತು. ಮರಿಯಾನೆ ಒಣಮಣ್ಣು ನೆಕ್ಕುತ್ತಾ ಮಲಗಿತು. ಆಗ ನರಿ ರಾಜನ ಕಂಪ್ಯೂಟರಿನಿಂದ ನಕ್ಷೆ ಅಳಿಸಿತು. ಅದರ ಕಸದ ಬುಟ್ಟಿಯನ್ನೂ ಮುಗಿಲಿನ ಕಸದ ಬುಟ್ಟಿಯನ್ನೂ ಬರಿದು ಮಾಡಿತು.

ರಾಜ ನೋಡಿದ, ನಕ್ಷೆ ಇಲ್ಲ. ಮುಗಿಲಲ್ಲಿ ಹುಡುಕಿದ, ಅಲ್ಲೂ ಇಲ್ಲ. ರಾಣಿಯ ಬಳಿಗೆ ಓಡಿದ. ಅವಳು ನೋಡುತ್ತಿದ್ದಂತೆಯೇ ಅವಳ ಕಂಪ್ಯೂಟರಿನಿಂದಲೂ ನಕ್ಷೆ ಮಾಯ!

"ಅಯ್ಯೋ! ಕೆಳಗೆ ಬರೆದರೆ ತಾನೂ ಬರೆಯುವ ಮುಗಿಲು, ಕೆಳಗೆ ಅಳಿಸಿದರೆ ತಾನೂ ಅಳಿಸುತ್ತದಲ್ಲಾ!" ಎಂದು ರಾಣಿ ಅತ್ತಳು.

"ದಾರಿ ನನಗೆ ಗೊತ್ತು. ಸಿಂಹಾಸನ ಬಿಟ್ಟುಕೊಡಿ, ತೋರಿಸ್ತೀನಿ" ಎಂದಿತು ನರಿ.

ಅರಮನೆಯ ದಾಸಿ, ಮುಂಗುಸಿ ಚೆನ್ನಿಗೆ ಥಟ್ಟನೆ ನೆನಪಾಯಿತು. ನಿನ್ನೆ ಏಕಾದಶಿ! ಆ ದಿನ ಮಠದ ಆಮೆಯಜ್ಜ ಕಂಪ್ಯೂಟರಿಗೂ ಉಪವಾಸವೆಂದು ಇಂಟರ್ನೆಟ್ಟಿನ ತಂತಿ ಕಳಚಿಡುತ್ತಿದ್ದ. ದ್ವಾದಶಿಯ ಪಾರಣೆ ಮುಗಿದ ಕೂಡಲೇ ಮತ್ತೆ ಸಿಕ್ಕಿಸುತ್ತಿದ್ದ. ಸಿಕ್ಕಿಸಿದರೆ ಅಲ್ಲೂ ಅಳಿದೀತು!

"ಕೃಷ್ಣಾ, ಕೃಷ್ಣಾ" ಎನ್ನುತ್ತಾ ಓಡಿದಳು. ತಂತಿ ಅಜ್ಜನ ಕೈಯಲ್ಲೇ ಇತ್ತು.

"ನಿಲ್ಲಿಸಜ್ಜಾ!"

"ಆಗಿನಿಂದ ಸಿಕ್ಕಿಸ್ತಾನೇ ಇದೀನಿ ಕಣೇ ತಾಯಿ. ನಾನು ಆಮೆಯಲ್ಲವೇ?"

ದೇವರ ದಯೆ ನೋಡಿ ಮಕ್ಕಳೇ! ಚೆನ್ನಿ ನಕ್ಷೆಯನ್ನು ಪೆನ್ ಡ್ರೈವಿಗೆ ನಕಲಿಳಿಸಿ ಸೆರಗಿಗೆ ಗಂಟು ಹಾಕಿಕೊಂಡಳು. ರಾಜನ ಕಿವಿಯಲ್ಲಿ ಎಲ್ಲ ಹೇಳಿ, ಅವನನ್ನು ಮಠದ ಪರದೆಯ ಹಿಂದೆ ನಿಲ್ಲಿಸಿದಳು. ಆಮೇಲೆ ನರಿಯ ಬಳಿ ಹೋಗಿ, "ಮಂತ್ರಿಗಳೇ, ಮಠದಲ್ಲಿ ಇನ್ನೊಂದು ನಕ್ಷೆ ಉಳಿದಿದೆಯಂತೆ" ಎಂದಳು.

ನರಿ ಓಡಿತು. ಅಳಿಸಿತು. ಸೊಂಡಿಲು ಬಂದು ಕುತ್ತಿಗೆ ಸುತ್ತಿತು. ಪರದೆಯ ಹಿಂದಿನ ಆನೆ ಕಾಣಲಿಲ್ಲವೇ ಎನ್ನುವಿರಾ? ಆತುರದ ಪಾಪಿಗೆ ಆನೆಯೂ ಕಾಣದು.

"ಹಿಡಿದರೇನು? ನಕ್ಷೆ ಹೋಯ್ತಲ್ಲ!" ಎಂದು ನರಿ ನಕ್ಕಿತು.

ಚೆನ್ನಿ ಸೆರಗಿನ ಗಂಟು ಬಿಚ್ಚಿದಳು.

ನರಿಯನ್ನು ಕಾಡಿನಾಚೆ ಅಟ್ಟಿದರು. ಹಿಂಡು ಮಡುವಿನ ದಾರಿ ಹಿಡಿಯಿತು. ಮರಿಯಾನೆ ಹೊಟ್ಟೆ ತುಂಬ ನೀರು ಕುಡಿಯಿತು.

ಆದ್ದರಿಂದ ಮಕ್ಕಳೇ, ಜೊತೆಜೊತೆಗೆ ನಡೆಯುವ ಪ್ರತಿ ಕಾಯುವ ಪ್ರತಿಯಲ್ಲ. ಬೇಕಾದದ್ದನ್ನು ಬೇರೆಯಾಗಿಯೂ ಒಂದು ಕಡೆ ಇಡಿ. ಪರರ ನೀರು ಕದಿಯುವವನ ಜಾಣತನ ದೇವರ ಮುಂದೆ ನಡೆಯದು.