ಓಣಿಯ ನಡುವೆ ನಿಂತ ವರ್ತಕ

“ಗುರುಗಳೇ, ಇಂಗ್ಲಿಷಿನಲ್ಲಿ ‘ಸ್ಟೆಡ್‌ಫಾಸ್ಟ್’ ಎಂಬ ಗುಣವಾಚಕವಿದೆ. ನಿಘಂಟಿನಲ್ಲಿ ‘ಅಚಲ, ದೃಢ’ ಎಂದಿದೆ. ಮಕ್ಕಳಿಗೆ ಉದಾಹರಣೆ ಕೊಡಬೇಕು. ಅದನ್ನು ಯಾರಿಗೆ ಬಳಸಲಿ?” ಎಂದು ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಶಿಷ್ಯ ಸಂಗಯ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದ. ದಾರಿಯಲ್ಲಿ ಯಾರಿಗೂ ಪಕ್ಕಕ್ಕೆ ಸರಿಯುವುದಿಲ್ಲ ಎಂಬುದು ಅವನ ನೇಮ. ಅಂಗಡಿಗೆ ಹೋಗುವಾಗ, ಬರುವಾಗ, ಓಣಿಯ ನಟ್ಟನಡುವೆ ಗೆರೆ ಎಳೆದಂತೆ ನಡೆಯುತ್ತಿದ್ದ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೆಜ್ಜೆ ಸೊಟ್ಟಗಾಗಲಿಲ್ಲ. ತನ್ನ ದೃಢತೆಗೆ ಊರೇ ತಲೆಬಾಗಿದೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಮಗಳ ನಿಶ್ಚಿತಾರ್ಥದ ದಿನ ಬಂತು. ಮುಹೂರ್ತ ಹನ್ನೆರಡಕ್ಕೆ. ಬೀಗರು ಆಗಲೇ ಮನೆಗೆ ಬಂದು ಕುಳಿತಿದ್ದರು. ವರ್ತಕ ಅಂಗಡಿ ಮುಚ್ಚಿ ಹೊರಟ. ಎದುರಿಗೆ ಒಂದು ಎಮ್ಮೆ ಬಂತು. ಹಿಂದಿನ ದಿನವಷ್ಟೇ ಪರವೂರಿನಿಂದ ಕೊಂಡು ತಂದ ಎಮ್ಮೆ. ಅದಕ್ಕೆ ಅವನ ನೇಮ ಗೊತ್ತಿರಲಿಲ್ಲ.

ವರ್ತಕ ನಿಂತ. ಎಮ್ಮೆಯೂ ನಿಂತಿತು. ಅವನು ಗಟ್ಟಿಯಾಗಿ ಕೆಮ್ಮಿದ. ಅದು ಮೆಲುಕು ಹಾಕಿತು. ಹನ್ನೆರಡು ಹತ್ತಿರವಾಯಿತು. ಬೀಗರು ಎದ್ದು ಹೋದರೆ ಮಗಳ ಗತಿಯೇನು ಎಂದು ಅವನ ಎದೆ ಹೊಡೆದುಕೊಂಡಿತು. ಕಾಲು ಮಾತ್ರ ಸರಿಯಲಿಲ್ಲ. ಎಮ್ಮೆಗೆ ಮದುವೆಗೆ ಬಂದ ಮಗಳಿರಲಿಲ್ಲ, ಅದು ನೆಮ್ಮದಿಯಾಗಿತ್ತು.

ಹುಡುಕಿಕೊಂಡು ಹೆಂಡತಿ ಬಂದಳು. ಇಬ್ಬರನ್ನೂ ನೋಡಿದಳು. ಪಕ್ಕದ ಹಿತ್ತಿಲಿನಿಂದ ಒಂದು ಹಿಡಿ ಹಸಿಹುಲ್ಲು ಕಿತ್ತು ತಂದು ಹಿಡಿದಳು. ಎಮ್ಮೆ ಹುಲ್ಲಿನ ಹಿಂದೆ ಗೋಡೆಯತ್ತ ಸರಿಯಿತು.

“ನೋಡಿದೆಯಾ? ಕೊನೆಗೆ ಅದೇ ಸೋತಿತು” ಎಂದ ವರ್ತಕ.

“ಸೋತಿತು, ಸೋತಿತು. ಬಾಳೆಹಣ್ಣಿನ ಮುದುಕಿಗೆ ದಿನಾ ಬೆಳಿಗ್ಗೆ ಕೈಮುಗಿದು, ನೀವು ಬರುವಾಗ ಬುಟ್ಟಿ ಹೊತ್ತು ಪಕ್ಕಕ್ಕೆ ಸರಿಯುವಂತೆ ಬೇಡುತ್ತೇನೆ. ಗಾಡಿಯವನಿಗೆ ಮಜ್ಜಿಗೆ ಕೊಟ್ಟು ಗಾಡಿ ಹಿಂದಕ್ಕೆ ಹೊಡೆಸುತ್ತೇನೆ. ಇವತ್ತು ಹುಲ್ಲಿನಲ್ಲಿ ಮುಗಿಯಿತು. ಬೇಗ ನಡೆಯಿರಿ, ಬೀಗರು ಕಾಯುತ್ತಿದ್ದಾರೆ.”

ನಿಶ್ಚಿತಾರ್ಥವೇನೋ ಸುಸೂತ್ರವಾಗಿ ನಡೆಯಿತು. ಆದರೆ ವರ್ತಕ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದ. ಮರುದಿನ ಓಣಿಯಲ್ಲಿ ಮುದುಕಿಯನ್ನು ಕಂಡವನೇ ತಾನಾಗಿ ಎಡಕ್ಕೆ ಸರಿದ. ರೂಢಿಯಂತೆ ಅವಳೂ ಅತ್ತಲೇ ಸರಿದಳು. ಢಿಕ್ಕಿಯಾಗಿ ಹಣ್ಣೆಲ್ಲ ಚರಂಡಿಗೆ ಬಿತ್ತು.

“ಸರಿದು ಗೊತ್ತಿಲ್ಲದವರು ಯಾಕಪ್ಪಾ ಸರಿಯಲು ಹೋಗುತ್ತೀರಿ?” ಎಂದು ಮುದುಕಿ ಬೈದಳು. ವರ್ತಕ ಮೊದಲ ಬಾರಿಗೆ ಬಗ್ಗಿ ಹಣ್ಣು ಆಯತೊಡಗಿದ.

ಸಂಗಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣೊರೆಸಿಕೊಂಡು ಕೇಳಿದ: “ಹಾಗಾದರೆ ಗುರುಗಳೇ, ಆ ಪದವನ್ನು ವರ್ತಕನಿಗೆ ಬಳಸಲೋ, ಎಮ್ಮೆಗೆ ಬಳಸಲೋ?”

ಗುರುಗಳೆಂದರು: “ಮೂವತ್ತು ವರ್ಷ, ಒಂದು ದಿನವೂ ತಪ್ಪದೆ, ದಾರಿ ಬಿಡಿಸಿದವಳು ನಿನ್ನ ಕಣ್ಣಿಗೂ ಬೀಳಲಿಲ್ಲವಲ್ಲ.”